ಶಿಶುವಿನ ರೋಗನಿರೋಧಶಕ್ತಿಯೂ ತಾಯಿಯ ಲಸಿಕೆಯೂ

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ತಾಯಿಯಿಂದ ಮಕ್ಕಳಿಗೆ ಬರುವುದೆಲ್ಲವೂ ಹುಟ್ಟಿನೊಡನೆಯೇ ನೇಯ್ದು ಬಂದುದು, ಬಾಳಿನ ಕೊನೆಯವರೆಗೂ ಉಳಿಯತಕ್ಕದ್ದು ಎಂಬ ಭಾವನೆ ಈ ಗಾದೆಯಲ್ಲಿ ಅಡಗಿದೆ. ಮೈಬಣ್ಣ, ಮುಖಲಕ್ಷಣ ಮೊದಲಾದುವುಗಳ ಮಟ್ಟಿಗೆ ಈ ಮಾತು ಬಹುಶಃ ಸರಿಯೇ. ಆದರೆ ತಾಯಿಯಿಂದ ಶಿಶುವಿಗೆ ಬರುವ ಇನ್ನೊಂದು ಸಂಪತ್ತುಂಟು. ಅದು ನೂಲಿನಿಂದ ಸೀರೆಗೆ ಬಂದ ಗುಣದಂಥದಲ್ಲ. ತವರಿನಿಂದ ಮಗಳ ಕೈಸೇರಿದ ಬಳುವಳಿಯಂಥದು. ಕೊಟ್ಟಷ್ಟೇ ಉಂಟು, ದಿನದಿನಕ್ಕೆ ವೆಚ್ಚವಾಗುತ್ತದೆ, ಕೆಲವು ತಿಂಗಳಲ್ಲಿ ತೀರಿಯೂ ಹೋಗುತ್ತದೆ. ರೋಗಗಳನ್ನು ತಡೆಯುವ ಈ ಬಳುವಳಿ ಶಿಶುವಿಗೆ ಬರುವ ದಾರಿ ಯಾವುದು, ತಾಯಿಗೆ ಲಸಿಕೆ ಹಾಕುವುದರಿಂದ ಅದನ್ನು ಹೇಗೆ ಹೆಚ್ಚಿಸಬಹುದು, ಹೆಚ್ಚಿಸಿದಲ್ಲಿ ಒದಗುವ ತೊಡಕುಗಳೇನು ಎಂಬುದನ್ನು ಈ ಲೇಖನದಲ್ಲಿ ಯಥಾಮತಿ ವಿವರಿಸಲೆತ್ನಿಸುತ್ತೇನೆ. ವಿಷಯವು ವೈದ್ಯಶಾಸ್ತ್ರಕ್ಕೆ ಸೇರಿದುದಾದರೂ, ಸಾಹಿತ್ಯವನ್ನು ಓದುವವರೂ ಓದಿಸುವವರೂ ಇದನ್ನು ಪರಕೀಯವೆಂದು ಭಾವಿಸಲಾರರೆಂದು ನಂಬಿದ್ದೇನೆ.

ಮೊದಲು ಮಾತುಗಳ ವಿಚಾರವನ್ನು ತೀರಿಸಿಕೊಳ್ಳೋಣ. ಆಯುರ್ವೇದಗ್ರಂಥಗಳಲ್ಲಿ 'ಲಸೀಕಾ' ಎಂದರೆ ಚರ್ಮದ ಕೆಳಗಿರುವ ನೀರಿನಂಥ ದ್ರವ. ಗೋಸಿಡುಬಿನ ಬೊಕ್ಕೆಯಿಂದ ತೆಗೆದು ಮನುಷ್ಯರ ತೋಳಿಗೆ ಹಾಕುತ್ತಿದ್ದ ರಸವನ್ನು ಆಂಗ್ಲವೈದ್ಯರು ಹಿಂದೆ 'ಲಿಂಫ್' ಎನ್ನುತ್ತಿದ್ದರು. ಅದಕ್ಕೆ ಸಮನಾಗಿ ನಮ್ಮವರು 'ಲಸಿಕೆ' ಎಂಬ ಮಾತನ್ನು ಆರಿಸಿಕೊಂಡಿರಬೇಕು. ಹಳ್ಳಿಯ ಜನ ಮಾತ್ರ ಬಹುಕಾಲ 'ದೇವಿ ಹಾಕಿಸುವುದು' ಎಂದೇ ಹೇಳುತ್ತಿದ್ದರು. ಸಿಡುಬನ್ನು ಅಮ್ಮನೆಂದು ಕರೆದ ಜನ ಅದರ ತಡೆಗೂ ದೇವಿಯ ಹೆಸರನ್ನೇ ಇಟ್ಟರು. ರೋಗಾಣುವೋ ಅದರ ವಿಷವೋ ಒಳಹೊಕ್ಕಾಗ ಅದಕ್ಕೆ ಇದಿರಾಗಿ ರಕ್ತದಲ್ಲಿ ಹುಟ್ಟುವ ಪ್ರೋಟೀನಿಗೆ 'ಪ್ರತಿಕಾಯ'ವೆಂಬ ಹೆಸರು ರೂಢಿಗೆ ಬಂದಿದೆ. ಕಾಯವೆಂಬುದು ಅಷ್ಟು ಹಿತವಾದ ಮಾತಲ್ಲ. ಈ ವಸ್ತುವಿಗೆ ಒಡಲೂ ಇಲ್ಲ, ಜೀವವೂ ಇಲ್ಲ. ಆದರೂ ರೂಢಿಯನ್ನು ಮೀರುವ ಹಟ ನನಗಿಲ್ಲ. ಒಡಲು ತಾನೇ ಪ್ರತಿಕಾಯಗಳನ್ನು ಸೃಷ್ಟಿಸಿಕೊಂಡರೆ ಅದು ಸ್ವಾರ್ಜಿತವಾದ ರಕ್ಷೆ. ಬೇರೊಬ್ಬರ ಒಡಲಲ್ಲಿ ಹುಟ್ಟಿದುದು ನಮಗೆ ಬಂದರೆ ಅದು ದತ್ತವಾದ ರಕ್ಷೆ. ತಾಯಿಯಿಂದ ಬಂದುದನ್ನು 'ಮಾತೃದತ್ತ ರಕ್ಷೆ' ಎಂದು ಈ ಲೇಖನದ ಮಟ್ಟಿಗೆ ಕರೆಯುತ್ತೇನೆ.

ಲಸಿಕೆಯು ಕನ್ನಡನಾಡಿಗೆ ಬಂದ ಕಥೆಯಲ್ಲಿ ಹೆಂಗಸರ ಪಾತ್ರ ಹಿರಿದು. ಥಾಮಸ್ ಹಿಕಿ ಎಂಬ ಚಿತ್ರಕಾರನು ೧೮೦೫ರ ಸುಮಾರಿನಲ್ಲಿ ಬರೆದ ಮೂವರು ರಾಜಸ್ತ್ರೀಯರ ಚಿತ್ರವೊಂದುಂಟು. ಅವರು ಮೈಸೂರಿನ ಅರಮನೆಯವರೆಂದೂ, ಅವರಲ್ಲಿ ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವಾಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯೆಂದೂ, ಆಕೆ ತೋರಿಸುತ್ತಿರುವುದು ದೇವಿ ಹಾಕಿಸಿಕೊಂಡ ಜಾಗವನ್ನೆಂದೂ ಇತಿಹಾಸಜ್ಞರು ಗುರುತಿಸಿದ್ದಾರೆ. ಆದರೆ ಹೆಂಗಸೊಬ್ಬಳ ತೋಳಿಗೆ ಹಾಕಿದ ಲಸಿಕೆ ಮುಂದೆ ಆಕೆಗೆ ಹುಟ್ಟುವ ಮಗುವನ್ನೂ ಕಾಯಬಲ್ಲದೆಂಬ ಯೋಚನೆ ಆ ಕಾಲದಲ್ಲಿ ಯಾರಿಗೂ ಇದ್ದಂತೆ ತೋರುವುದಿಲ್ಲ. ಅದಕ್ಕೆ ಮುಕ್ಕಾಲು ಶತಮಾನ ಕಳೆಯಬೇಕಾಯಿತು. ೧೮೭೯ರಲ್ಲಿ ಬರ್ಕ್‌ಹಾರ್ಟ್ ಎಂಬ ವೈದ್ಯರು ಗರ್ಭಿಣಿಯರಿಗೆ ದೇವಿ ಹಾಕಿ, ಅವರಿಗೆ ಹುಟ್ಟಿದ ಶಿಶುಗಳಿಗೂ ಹಾಕಿ ನೋಡಲಾಗಿ, ಕೆಲವು ಶಿಶುಗಳಲ್ಲಿ ಬೊಕ್ಕೆ ಏಳಲೇ ಇಲ್ಲ. ತಾಯಿಯ ರಕ್ಷೆ ಹೇಗೋ ಗರ್ಭವನ್ನು ಸೇರಿತ್ತು. ಹೇಗೆ ಎಂಬುದೇ ಪ್ರಶ್ನೆ.

ಆ ಪ್ರಶ್ನೆಯನ್ನು ಕ್ರಮವಾಗಿ ಬಿಡಿಸಿದವರು ಜರ್ಮನಿಯ ಪೌಲ್ ಎಹ್ರ್ಲಿಖ್. ಅವರು ೧೮೯೨ರಲ್ಲಿ ಪ್ರಕಟಿಸಿದ ಪ್ರಬಂಧವು ಇಂದಿಗೂ ಓದುವುದಕ್ಕೆ ತಕ್ಕುದಾಗಿದೆ. ಅವರು ಬಳಸಿದ ವಿಷಗಳೆರಡೂ ನಮ್ಮ ಹಿತ್ತಲಿನವು. ಒಂದು, ಹರಳುಬೀಜದಲ್ಲಿರುವ ರಿಸಿನ್. ಇನ್ನೊಂದು, ಅಕ್ಕಸಾಲಿಗರ ತಕ್ಕಡಿಯಲ್ಲಿ ಚಿನ್ನಕ್ಕೆ ತೂಕವಾಗಿ ಕುಳಿತ ಗುಲಗಂಜಿಯಲ್ಲಿರುವ ಏಬ್ರಿನ್. ಇವುಗಳನ್ನು ಅತ್ಯಲ್ಪಪ್ರಮಾಣದಿಂದ ಮೊದಲುಮಾಡಿ ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಇಲಿಗಳಿಗೆ ಕೊಟ್ಟರೆ, ಸಾಮಾನ್ಯವಾದ ಇಲಿಯನ್ನು ಕೊಲ್ಲುವುದಕ್ಕೆ ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚಾದ ವಿಷವನ್ನೂ ಅವು ತಾಳಿಕೊಳ್ಳುತ್ತವೆ. ಹೀಗೆ ವಿಷಸಹಿಷ್ಣುವಾದ ಗಂಡಿಲಿಯನ್ನು ಸಾಮಾನ್ಯವಾದ ಹೆಣ್ಣಿಲಿಯೊಡನೆ ಕೂಡಿಸಿದಾಗ ಹುಟ್ಟಿದ ಮರಿಗಳಿಗೆ ಯಾವ ರಕ್ಷೆಯೂ ಇರಲಿಲ್ಲ. ವಿಷಸಹಿಷ್ಣುವಾದ ಹೆಣ್ಣಿಲಿಯನ್ನು ಸಾಮಾನ್ಯವಾದ ಗಂಡಿಲಿಯೊಡನೆ ಕೂಡಿಸಿದಾಗ ಹುಟ್ಟಿದ ಮರಿಗಳಿಗೆ ರಕ್ಷೆ ಇದ್ದಿತು. ಆದರೆ ಆ ಮರಿಗಳು ಬೆಳೆದಂತೆ ರಕ್ಷೆ ಕುಗ್ಗಿತು. ಅವುಗಳ ಸಂತಾನಕ್ಕೆ ಏನೂ ಉಳಿಯಲಿಲ್ಲ. ಇದು ವಂಶಗುಣವಾಗಿದ್ದರೆ ತಂದೆಯಿಂದಲೂ ಬರಬೇಕಿತ್ತು, ಮೊಮ್ಮಕ್ಕಳಿಗೂ ಇಳಿಯಬೇಕಿತ್ತು. ಎರಡೂ ಆಗಲಿಲ್ಲ.

ಎಹ್ರ್ಲಿಖ್ ಅಲ್ಲಿಗೇ ನಿಲ್ಲಲಿಲ್ಲ. ಅವರು ತಾಯಂದಿರನ್ನು ಬದಲಾಯಿಸಿ ನೋಡಿದರು. ಸಾಮಾನ್ಯ ಇಲಿಯ ಮರಿಗಳನ್ನು ವಿಷಸಹಿಷ್ಣುವಾದ ಇಲಿಯ ಮೊಲೆಗೂ, ಇದರ ಮರಿಗಳನ್ನು ಸಾಮಾನ್ಯ ಇಲಿಯ ಮೊಲೆಗೂ ಬಿಟ್ಟರು. ಹೆತ್ತ ತಾಯಿಗೆ ಏನೂ ಇಲ್ಲದಿದ್ದರೂ ಸಾಕುತಾಯಿಯ ಹಾಲು ಕುಡಿದ ಮರಿಗಳಿಗೆ ರಕ್ಷೆ ಬಂದಿತು. ಹೆತ್ತ ತಾಯಿಯಿಂದ ರಕ್ಷೆ ಪಡೆದಿದ್ದೂ ಆಕೆಯ ಹಾಲು ತಪ್ಪಿದ ಮರಿಗಳಲ್ಲಿ ಅದು ಬೇಗನೆ ಅಳಿಯಿತು. ದೇವಕಿಯ ಪಾಲು ಎಷ್ಟು, ಯಶೋದೆಯ ಪಾಲು ಎಷ್ಟು ಎಂಬುದನ್ನು ಅಳೆದು ತೋರಿಸಿದ ಪ್ರಯೋಗವೆಂದು ಇದನ್ನು ಕರೆಯಬಹುದು. ಪ್ರಬಂಧದ ಶೀರ್ಷಿಕೆಯಲ್ಲಿ ಅನುವಂಶವೆಂಬ ಅರ್ಥದ ಮಾತಿದ್ದರೂ, ಪ್ರಬಂಧವು ಸಾಧಿಸಿದ್ದು ಅದು ಅನುವಂಶವಲ್ಲವೆಂಬುದನ್ನೇ. ತಾಯಿಯ ಒಡಲಲ್ಲಿ ಹುಟ್ಟಿದ ಪ್ರತಿವಿಷವೇ ಗರ್ಭದ ಮೂಲಕವೂ ಹಾಲಿನ ಮೂಲಕವೂ ಮರಿಯ ಒಡಲಿಗೆ ಹರಿದಿತ್ತು. ಎರಡು ವರ್ಷಗಳ ಹಿಂದಷ್ಟೇ, ೧೮೯೦ರಲ್ಲಿ, ಬೆರಿಂಗ್ ಮತ್ತು ಕಿತಸಾತೊ ಎಂಬವರು ಧನುರ್ವಾಯುವಿನ ವಿಷಕ್ಕೆ ಪ್ರತಿವಿಷವೊಂದು ರಕ್ತದಲ್ಲಿ ಹುಟ್ಟುವುದೆಂದು ತೋರಿಸಿದ್ದರು. ಈ ಎರಡು ಶೋಧನೆಗಳನ್ನು ಕೂಡಿಸಿದರೆ ಮುಂದಿನ ಕಥೆಯೆಲ್ಲವೂ ಬೀಜರೂಪದಲ್ಲಿ ಸಿದ್ಧವಾಗಿತ್ತು. ಆದರೂ ಅದು ಮೊಳೆಯಲು ಎಪ್ಪತ್ತು ವರ್ಷ ಹಿಡಿಯಿತು.

ಇಲಿಯಲ್ಲಿ ಕಂಡುದೆಲ್ಲ ಮನುಷ್ಯನಲ್ಲಿಯೂ ಹಾಗೆಯೇ ಇರಬೇಕೆಂದಿಲ್ಲ. ಮನುಷ್ಯರಲ್ಲಿ ರಕ್ತದ ಮಾತೃದತ್ತ ರಕ್ಷೆಯು ಬರುವುದು ಹಾಲಿನಿಂದಲ್ಲ, ಗರ್ಭದಲ್ಲಿರುವಾಗ ಮಾಸಿನ ಮೂಲಕ. ಹೆರಿಗೆಯಾದ ಮೇಲೆ ಸೂಲಗಿತ್ತಿ ನೆಲದಲ್ಲಿ ಹೂಳಿಸುತ್ತಿದ್ದ ಆ ಮಾಸೇ ಒಂಬತ್ತು ತಿಂಗಳು ತಾಯಿ ಮಗುವಿನ ನಡುವಣ ಸುಂಕದ ಕಟ್ಟೆ. ತಾಯಿಯ ರಕ್ತವೂ ಮಗುವಿನ ರಕ್ತವೂ ಅಲ್ಲಿ ಬೆರೆಯುವುದಿಲ್ಲ. ನಡುವೆ ತೆಳುವಾದ ಜೀವಕೋಶಗಳ ಪದರವುಂಟು. ತಾಯಿಯ ರಕ್ತದಲ್ಲಿರುವ ಹಲವು ಜಾತಿಯ ಪ್ರತಿಕಾಯಗಳಲ್ಲಿ ಐಜಿಜಿ ಎಂಬ ಒಂದು ಜಾತಿಯನ್ನು ಮಾತ್ರ ಈ ಪದರ ಆರಿಸಿ ದಾಟಿಸುತ್ತದೆ. ಇಂಥ ಆಯ್ಕೆ ನಡೆಯಬೇಕಾದರೆ ಗುರುತು ಹಿಡಿಯುವ ಗ್ರಾಹಕವೊಂದು ಇರಲೇಬೇಕೆಂದು ೧೯೫೮ರಲ್ಲಿ ವೇಲ್ಸಿನ ಬ್ರಾಂಬೆಲ್ ಎಂಬ ಪ್ರಾಣಿಶಾಸ್ತ್ರಜ್ಞರು ಊಹಿಸಿದರು. ಅದರ ಸ್ವರೂಪ ಸ್ಪಷ್ಟವಾಗಿ ತಿಳಿದುದು ೧೯೮೯ರಲ್ಲಿ. ಅದರ ಕೆಲಸದ ರೀತಿ ಸರಳ. ಜೀವಕೋಶದೊಳಗಣ ಹುಳಿಯಾದ ಗುಳ್ಳೆಯಲ್ಲಿ ಅದು ಪ್ರತಿಕಾಯವನ್ನು ಹಿಡಿಯುತ್ತದೆ. ಆಚೆ ಬದಿಯಲ್ಲಿ ಹುಳಿಯಿಲ್ಲದ ಶಿಶುವಿನ ರಕ್ತ ತಗುಲಿದೊಡನೆ ಬಿಡುತ್ತದೆ.

ಈ ಸಾಗಣೆ ಗರ್ಭದ ನಾಲ್ಕನೆಯ ತಿಂಗಳ ಹೊತ್ತಿಗೆ ಅಲ್ಪವಾಗಿ ಮೊದಲಾಗಿ, ಕೊನೆಯ ಕೆಲವು ವಾರಗಳಲ್ಲಿ ಭರದಿಂದ ನಡೆಯುತ್ತದೆ. ತುಂಬಿದ ತಿಂಗಳಲ್ಲಿ ಹುಟ್ಟಿದ ಶಿಶುವಿನ ರಕ್ತದಲ್ಲಿ ಈ ಪ್ರತಿಕಾಯಗಳು ತಾಯಿಯಲ್ಲಿರುವಷ್ಟೇ, ಅನೇಕವೇಳೆ ಅದಕ್ಕಿಂತ ತುಸು ಹೆಚ್ಚೇ ಇರುತ್ತವೆ. ತಿಂಗಳು ತುಂಬುವುದಕ್ಕೆ ಬಹಳ ಮುಂಚೆಯೇ ಹುಟ್ಟಿದ ಕೂಸಿಗೆ ಈ ಬಳುವಳಿ ಅರೆಪಾಲೂ ಸಿಕ್ಕಿರುವುದಿಲ್ಲ. ರಕ್ಷೆ ಅತ್ಯಗತ್ಯವಾದ ದುರ್ಬಲ ಶಿಶುವಿಗೇ ಅದು ಅತ್ಯಲ್ಪವಾಗಿ ದೊರೆಯುತ್ತದೆಂಬುದು ಪ್ರಕೃತಿಯ ಏರ್ಪಾಡಿನಲ್ಲಿರುವ ಒಂದು ಕ್ರೂರವಾದ ಕೊರತೆ.

ಹಸುವಿನ ವಿಷಯ ಬೇರೆ. ಹಸುವಿನ ಮಾಸು ಪ್ರತಿಕಾಯಗಳನ್ನು ದಾಟಿಸುವುದೇ ಇಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಅದಕ್ಕೆ ಬರಬೇಕಾದುದೆಲ್ಲವೂ ಗಿಣ್ಣುಹಾಲಿನಲ್ಲಿದೆ. ಕರುವಿನ ಕರುಳು ಅದನ್ನು ಇಡಿಯಾಗಿ ರಕ್ತಕ್ಕೆ ಹೀರಿಕೊಳ್ಳುವುದು ಮೊದಲ ಒಂದು ದಿನದಷ್ಟು ಕಾಲ ಮಾತ್ರ. ಗಿಣ್ಣು ತಪ್ಪಿದ ಕರುಗಳು ಮೊದಲ ದಿನಗಳಲ್ಲಿಯೇ ರೋಗಕ್ಕೆ ತುತ್ತಾಗಿ ಸಾಯುವುದನ್ನು ೧೯೨೨ರಲ್ಲಿ ಥಿಯೊಬಾಲ್ಡ್ ಸ್ಮಿತ್ ಮತ್ತು ರಾಲ್ಫ್ ಲಿಟಲ್ ಎಂಬ ಅಮೆರಿಕದ ಶಾಸ್ತ್ರಜ್ಞರು ತೋರಿಸಿಕೊಟ್ಟರು. ಬೆಲ್ಲ ಏಲಕ್ಕಿ ಬೆರೆಸಿದ ಗಿಣ್ಣನ್ನು ರುಚಿನೋಡುವ ಮುನ್ನ ಕರು ಕುಡಿಯಿತೇ ಎಂದು ವಿಚಾರಿಸುವುದು ಲೇಸು. ಮನುಷ್ಯಸ್ತ್ರೀಯ ಮೊದಲ ಹಾಲಿನಲ್ಲಿಯೂ ಪ್ರತಿಕಾಯಗಳು ಹೇರಳವಾಗಿವೆ. ಆದರೆ ಅವು ಬೇರೆ ಜಾತಿಯವು. ಶಿಶುವಿನ ರಕ್ತಕ್ಕೆ ಹೋಗದೆ ಬಾಯಿ ಗಂಟಲು ಕರುಳುಗಳ ಒಳಮೈಯಲ್ಲಿಯೇ ನಿಂತು ಕಾವಲು ಕಾಯುತ್ತವೆ. ಆ ಹಳದಿ ಹಾಲನ್ನು ಕೆಟ್ಟುದೆಂದು ಬಗೆದು ಹಿಂಡಿ ಚೆಲ್ಲಿಸಿ, ಕೂಸಿಗೆ ಜೇನನ್ನೋ ಸಕ್ಕರೆನೀರನ್ನೋ ನೆಕ್ಕಿಸುವ ಪದ್ಧತಿ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಇದ್ದಿತು. ಹಸುವಿನ ಗಿಣ್ಣನ್ನು ಹಂಚಿ ತಿಂದವರೇ ಮನೆಯ ಕೂಸಿನ ಗಿಣ್ಣನ್ನು ಬಚ್ಚಲಿಗೆ ಸುರಿದರು.

ಇನ್ನು ಲೆಕ್ಕದ ಮಾತು. ಶಿಶುವಿನ ರಕ್ತದಲ್ಲಿರುವ ಮಾತೃದತ್ತ ಪ್ರತಿಕಾಯಗಳು ಸರಿಸುಮಾರು ತಿಂಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತವೆ. ಹುಟ್ಟುವಾಗ ೬೪ ಭಾಗ ಇದ್ದರೆ ತಿಂಗಳಿಗೆ ೩೨, ಎರಡು ತಿಂಗಳಿಗೆ ೧೬, ಆರು ತಿಂಗಳಿಗೆ ೧. ಈ ಲೆಕ್ಕದಿಂದ ಒಂದು ವಿಷಯ ಹೊರಪಡುತ್ತದೆ. ತಾಯಿ ಕೊಟ್ಟುದು ಇಮ್ಮಡಿಯಾದರೆ ರಕ್ಷೆಯ ಕಾಲ ಇಮ್ಮಡಿಯಾಗುವುದಿಲ್ಲ. ಒಂದು ತಿಂಗಳಷ್ಟೇ ಹೆಚ್ಚುತ್ತದೆ. ಎಂಟುಪಾಲು ಕೊಟ್ಟರೆ ಮೂರು ತಿಂಗಳು ಹೆಚ್ಚುತ್ತದೆ. ತಾಯಿಗೆ ಲಸಿಕೆ ಹಾಕುವವರು ಗಳಿಸಲೆಳಸುವುದು ಈ ಒಂದೆರಡು ತಿಂಗಳುಗಳನ್ನೇ. ಅಷ್ಟಕ್ಕಾಗಿ ಇಷ್ಟು ಶ್ರಮವೇ ಎಂದು ಕೇಳುವವರಿಗೆ ಧನುರ್ವಾಯುವಿನ ಕಥೆಯೇ ಉತ್ತರ. ಏಕೆಂದರೆ ಆ ರೋಗಕ್ಕೆ ಬೇಕಾದುದು ಒಂದು ತಿಂಗಳೂ ಅಲ್ಲ, ಒಂದು ವಾರ.

ಧನುಸ್ಸಿನಂತೆ ಮೈ ಬಾಗುವುದರಿಂದ ಈ ರೋಗಕ್ಕೆ ಧನುರ್ವಾಯುವೆಂಬ ಹೆಸರು ಬಂದಿದೆ. ಸುಶ್ರುತಸಂಹಿತೆಯಲ್ಲಿ ಇದನ್ನು ಹೋಲುವ ಧನುಃಸ್ತಂಭವೆಂಬ ವ್ಯಾಧಿಯ ಉಲ್ಲೇಖವಿದೆ. ಇದರ ರೋಗಾಣು ಮಣ್ಣಿನಲ್ಲಿಯೂ ದನಕುದುರೆಗಳ ಸಗಣಿಲದ್ದಿಯಲ್ಲಿಯೂ ಬೀಜದಂತೆ ಬಹುಕಾಲ ಬದುಕಿರುತ್ತದೆ. ಕುಡುಗೋಲಿನಿಂದಲೋ ಬಿದಿರಿನ ಸೀಳಿನಿಂದಲೋ ಹೊಕ್ಕುಳಬಳ್ಳಿಯನ್ನು ಕೊಯ್ದಾಗ, ಕೊಯ್ದ ಕಡೆ ಸಗಣಿಯನ್ನೋ ಬೂದಿಯನ್ನೋ ಮೆತ್ತಿದಾಗ ಅದು ಒಳಹೊಗುತ್ತದೆ. ಕೂಸು ಮೊದಲೆರಡು ದಿನ ಎಲ್ಲ ಕೂಸುಗಳಂತೆ ಮೊಲೆ ಉಣ್ಣುತ್ತದೆ, ಅಳುತ್ತದೆ. ಅನಂತರ ಒಂದು ದಿನ ಮೊಲೆ ಹಿಡಿಯಲಾರದೆ ಹೋಗುತ್ತದೆ. ದವಡೆ ಕಚ್ಚಿಕೊಳ್ಳುತ್ತದೆ, ಮೈ ಸೆಟೆಯುತ್ತದೆ, ಸದ್ದು ಬೆಳಕುಗಳು ತಾಕಿದರೂ ಸಾಕು ಸೆಳೆತ ಬರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಉಳಿಯುವ ಕೂಸು ಅಪರೂಪ. ಪಂಜಾಬಿನಲ್ಲಿ ಇದಕ್ಕೆ ಎಂಟನೆಯ ದಿನದ ರೋಗವೆಂಬ ಅರ್ಥದ ಹೆಸರಿದ್ದಿತು. ಸ್ಕಾಟ್ಲೆಂಡಿನ ಪಡುವಣ ಕಡಲಿನಲ್ಲಿರುವ ಸೇಂಟ್ ಕಿಲ್ಡಾ ಎಂಬ ದ್ವೀಪದಲ್ಲಿಯೂ ಜನರು ಇದನ್ನು ಎಂಟು ದಿನದ ಬೇನೆಯೆಂದೇ ಕರೆಯುತ್ತಿದ್ದರು. ೧೯ನೆಯ ಶತಮಾನದಲ್ಲಿ ಅಲ್ಲಿ ಹುಟ್ಟಿದ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಅದಕ್ಕೆ ಬಲಿಯಾದುವು. ಅಲ್ಲಿನ ಪಾದ್ರಿಯೊಬ್ಬರು ಶುಚಿಯಾದ ಸೂಲಗಿತ್ತಿತನವನ್ನು ಕಲಿತುಬಂದು ೧೮೯೦ರ ದಶಕದಲ್ಲಿ ರೂಢಿಸಿದ ಮೇಲೆ ಅದು ನಿಂತಿತು. ನಮ್ಮ ಹಳ್ಳಿಗಳಲ್ಲಿ ಬಾಲಗ್ರಹವೆಂದು ಮಂತ್ರಿಸಿ ಬೂದಿಯಿಟ್ಟ ಕೂಸುಗಳಲ್ಲಿ ಎಷ್ಟಕ್ಕೆ ಹಿಡಿದಿದ್ದುದು ಗ್ರಹವಾಗಿರದೆ ಈ ಧನುರ್ವಾಯುವಾಗಿತ್ತೋ!

ಈ ರೋಗಕ್ಕೆ ಎರಡು ವಿಲಕ್ಷಣಗಳುಂಟು. ಒಮ್ಮೆ ಬಂದು ಬದುಕಿದವನಿಗೂ ಇದರಿಂದ ರಕ್ಷೆ ಹುಟ್ಟುವುದಿಲ್ಲ. ಏಕೆಂದರೆ ಮನುಷ್ಯನನ್ನು ಕೊಲ್ಲಲು ಸಾಕಾಗುವಷ್ಟು ವಿಷವೂ ಪ್ರತಿಕಾಯಗಳನ್ನು ಎಬ್ಬಿಸಲು ಸಾಲದಷ್ಟು ಅಲ್ಪ. ಮತ್ತು ಇದು ಒಬ್ಬರಿಂದೊಬ್ಬರಿಗೆ ಅಂಟುವ ರೋಗವಲ್ಲವಾದುದರಿಂದ, ಊರಿನವರೆಲ್ಲರೂ ಲಸಿಕೆ ಹಾಕಿಸಿಕೊಂಡರೂ ಹಾಕಿಸಿಕೊಳ್ಳದ ಒಬ್ಬಳಿಗೆ ಆ ನೆರಳು ದೊರೆಯದು. ಸಿಡುಬು, ದಡಾರ ಮೊದಲಾದುವುಗಳಲ್ಲಿ ತಾಯಿ ತಾನು ಅನುಭವಿಸಿದ ರೋಗದ ಫಲವನ್ನು ಮಗುವಿಗೆ ಕೊಟ್ಟಾಳು. ಧನುರ್ವಾಯುವಿನಲ್ಲಿ ಲಸಿಕೆಯಿಲ್ಲದ ತಾಯಿಯ ಕೈಯಲ್ಲಿ ಕೊಡುವುದಕ್ಕೆ ಏನೂ ಇಲ್ಲ. ಆಕೆ ಎಷ್ಟು ಆರೋಗ್ಯವಂತಳಾಗಿರಲಿ, ಎಷ್ಟು ಮಕ್ಕಳನ್ನು ಹೆತ್ತಿರಲಿ, ಬಳುವಳಿಯ ಪೆಟ್ಟಿಗೆ ಬರಿದು.

ಫ್ರಾನ್ಸಿನ ಗಾಸ್ತೋನ್ ರಾಮೋನ್ ಎಂಬವರು ೧೯೨೦ರ ದಶಕದಲ್ಲಿ ಈ ವಿಷವನ್ನು ಫಾರ್ಮಲಿನ್ನಿನಿಂದ ಪಳಗಿಸಿ, ಕೊಲ್ಲುವ ಗುಣವನ್ನು ಕಳೆದು, ಪ್ರತಿಕಾಯಗಳನ್ನು ಎಬ್ಬಿಸುವ ಗುಣವನ್ನು ಮಾತ್ರ ಉಳಿಸಿದರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗೆ ಅದನ್ನು ಧಾರಾಳವಾಗಿ ಹಾಕಲಾಯಿತು. ಆದರೆ ಈ ರೋಗದಿಂದ ಸತ್ತ ಸೈನಿಕರಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಕೂಸುಗಳು ಸಾಯುತ್ತಿದ್ದರೂ, ಗರ್ಭಿಣಿಗೆ ಅದನ್ನು ಹಾಕಿ ಕೂಸನ್ನು ಉಳಿಸಬಹುದೇ ಎಂದು ನೋಡಿದುದು ಬಹಳ ತಡವಾಗಿ. ನ್ಯೂಗಿನಿಯಲ್ಲಿ ಸ್ಕೋಫೀಲ್ಡ್ ಮೊದಲಾದವರು ನಡೆಸಿದ ಪರೀಕ್ಷೆ ೧೯೬೧ರಲ್ಲಿಯೂ, ಕೊಲಂಬಿಯದ ಹಳ್ಳಿಗಾಡಿನಲ್ಲಿ ನ್ಯೂವೆಲ್ ಮೊದಲಾದವರು ನಡೆಸಿದ ಪರೀಕ್ಷೆ ೧೯೬೬ರಲ್ಲಿಯೂ ಪ್ರಕಟವಾದುವು. ಎರಡನೆಯದರಲ್ಲಿ ಕೆಲವು ಹೆಂಗಸರಿಗೆ ಧನುರ್ವಾಯುವಿನ ಲಸಿಕೆಯನ್ನೂ, ಹೋಲಿಕೆಗಾಗಿ ಉಳಿದವರಿಗೆ ಬೇರೊಂದು ರೋಗದ ಲಸಿಕೆಯನ್ನೂ ಹಾಕಿ, ಯಾರಿಗೆ ಯಾವುದೆಂಬುದನ್ನು ಗುಟ್ಟಾಗಿ ಇಟ್ಟಿದ್ದರು. ಎರಡು ಅಥವಾ ಮೂರು ಸಲ ಧನುರ್ವಾಯುವಿನ ಲಸಿಕೆ ಪಡೆದ ತಾಯಂದಿರ ಕೂಸುಗಳಲ್ಲಿ ಒಂದೂ ಈ ರೋಗದಿಂದ ಸಾಯಲಿಲ್ಲ. ಆ ಕೂಸುಗಳ ಹೊಕ್ಕುಳನ್ನು ಕೊಯ್ದ ರೀತಿಯೇನೂ ಬದಲಾಗಿರಲಿಲ್ಲ.

ಜಗತ್ತಿನಲ್ಲಿ ೧೯೮೮ರ ಒಂದೇ ವರ್ಷದಲ್ಲಿ ಧನುರ್ವಾಯುವಿನಿಂದ ಸತ್ತ ನವಜಾತ ಶಿಶುಗಳ ಸಂಖ್ಯೆ ಸುಮಾರು ೭,೮೭,೦೦೦ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ೨೦೧೮ರಲ್ಲಿ ಅದು ೨೫,೦೦೦ಕ್ಕೆ ಇಳಿದಿತ್ತು. ಭಾರತದ ಪ್ರತಿಯೊಂದು ಜಿಲ್ಲೆಯಲ್ಲಿಯೂ ಸಾವಿರ ಜನನಗಳಿಗೆ ಒಂದಕ್ಕಿಂತ ಕಡಿಮೆಯಾಗಿದೆಯೆಂದು ೨೦೧೫ರಲ್ಲಿ ಪ್ರಮಾಣೀಕೃತವಾಯಿತು. ಇದಕ್ಕೆ ಲಸಿಕೆಯೊಂದೇ ಕಾರಣವಲ್ಲ. ಆಸ್ಪತ್ರೆಯ ಹೆರಿಗೆ, ಶುಚಿಯಾದ ಕತ್ತರಿ, ಬಳ್ಳಿಗೆ ಏನನ್ನೂ ಮೆತ್ತದಿರುವ ವಿವೇಕ ಇವುಗಳ ಪಾಲೂ ಇದೆ. ಮಣ್ಣಿನಲ್ಲಿರುವ ರೋಗಾಣು ಮಾತ್ರ ಎಲ್ಲಿಗೂ ಹೋಗಿಲ್ಲ. ಆದಕಾರಣ ಈ ರೋಗವು ಸಿಡುಬಿನಂತೆ ನಿರ್ಮೂಲವಾಗತಕ್ಕದ್ದಲ್ಲ. ಒಂದು ತಲೆಮಾರಿನ ತಾಯಂದಿರು ಲಸಿಕೆ ಬಿಟ್ಟರೆ ಮುಂದಿನ ಕೂಸುಗಳಿಗೆ ಅದು ಹಳೆಯ ಜಾಗದಲ್ಲಿಯೇ ಕಾದಿರುತ್ತದೆ.

ಧನುರ್ವಾಯುವಿನಲ್ಲಿ ಸಿದ್ಧವಾದ ಈ ಉಪಾಯವನ್ನು ಬೇರೆ ರೋಗಗಳಿಗೂ ಅನ್ವಯಿಸಲು ಕಾರಣವೇನೆಂದರೆ, ಶಿಶುವಿಗೇ ಹಾಕುವ ಲಸಿಕೆಗಳು ಕೆಲಸಕ್ಕೆ ಬರಲು ಹಲವು ವಾರ, ಕೆಲವು ವೇಳೆ ಹಲವು ತಿಂಗಳು ಬೇಕು. ನಮ್ಮ ದೇಶದಲ್ಲಿ ನಾಯಿಕೆಮ್ಮಿನ ಲಸಿಕೆಯ ಮೊದಲ ಸರದಿ ಬರುವುದು ಆರು ವಾರಕ್ಕೆ. ಫ್ಲೂ ಜ್ವರದ ಲಸಿಕೆಯನ್ನು ಆರು ತಿಂಗಳೊಳಗಿನ ಶಿಶುವಿಗೆ ಹಾಕುವಂತೆಯೇ ಇಲ್ಲ. ನಾಯಿಕೆಮ್ಮಿನಿಂದ ಸಾಯುವವರಾದರೋ ಹೆಚ್ಚಾಗಿ ಮೊದಲ ಎರಡು ಮೂರು ತಿಂಗಳ ಕೂಸುಗಳೇ. ಇಂಗ್ಲೆಂಡಿನಲ್ಲಿ ೨೦೧೨ರಲ್ಲಿ ಈ ಕೆಮ್ಮು ಹಬ್ಬಿ ೧೪ ಶಿಶುಗಳು ಸತ್ತುವು. ಆ ವರ್ಷದ ಅಕ್ಟೋಬರಿನಿಂದ ಗರ್ಭಿಣಿಯರಿಗೆ ಲಸಿಕೆ ಹಾಕತೊಡಗಿದರು. ಮೂರು ತಿಂಗಳೊಳಗಿನ ಶಿಶುಗಳಲ್ಲಿ ಈ ಕ್ರಮ ನೂರಕ್ಕೆ ೯೧ರಷ್ಟು ಫಲಕಾರಿಯಾಯಿತೆಂದು ೨೦೧೪ರಲ್ಲಿ ಪ್ರಕಟವಾದ ಗಣನೆಯಿಂದ ತಿಳಿಯುತ್ತದೆ. ರೋಗ ಕಣ್ಮರೆಯಾದೊಡನೆ ಲಸಿಕೆಯ ನೆನಪೂ ಮಾಸುವುದು ಎಲ್ಲ ದೇಶಗಳಲ್ಲೂ ಕಾಣುವ ಸಂಗತಿ. ಅಲ್ಲಿಯೂ ಕೆಲವು ವರ್ಷಗಳ ತರುವಾಯ ಲಸಿಕೆ ಹಾಕಿಸಿಕೊಳ್ಳುವ ಗರ್ಭಿಣಿಯರ ಪ್ರಮಾಣ ಕುಗ್ಗಿತು, ೨೦೨೪ರಲ್ಲಿ ಕೆಮ್ಮು ಮತ್ತೆ ಹಬ್ಬಿ ಶಿಶುಗಳು ಸತ್ತುವು.

ಫ್ಲೂ ಜ್ವರದ ಮಟ್ಟಿಗೆ ಮೊದಲ ದಿಟ್ಟವಾದ ಸಾಕ್ಷ್ಯ ಬಂದುದು ಬಾಂಗ್ಲಾದೇಶದಿಂದ. ಢಾಕಾ ನಗರದಲ್ಲಿ ೩೪೦ ಗರ್ಭಿಣಿಯರಲ್ಲಿ ಅರ್ಧದಷ್ಟು ಜನರಿಗೆ ಫ್ಲೂ ಲಸಿಕೆಯನ್ನೂ ಉಳಿದವರಿಗೆ ನ್ಯುಮೋನಿಯ ರೋಗಾಣುವಿನ ಲಸಿಕೆಯನ್ನೂ ಹಾಕಿದರು. ಪರೀಕ್ಷೆಯಿಂದ ದೃಢಪಟ್ಟ ಫ್ಲೂ, ಮೊದಲ ಗುಂಪಿನ ಶಿಶುಗಳಲ್ಲಿ ೬ಕ್ಕೆ, ಎರಡನೆಯ ಗುಂಪಿನ ಶಿಶುಗಳಲ್ಲಿ ೧೬ಕ್ಕೆ ಬಂದಿತು. ತಾಯಂದಿರಿಗೂ ಜ್ವರಕೆಮ್ಮುಗಳು ಕಡಿಮೆಯಾದುವು. ೨೦೦೮ರಲ್ಲಿ ಪ್ರಕಟವಾದ ಈ ಪರೀಕ್ಷೆಗೆ ಅದನ್ನು ನಡೆಸಿದವರು ಇಟ್ಟ ಹೆಸರು 'ತಾಯಿಯ ಕೊಡುಗೆ' ಎಂಬ ಅರ್ಥದ್ದು. ಬಳುವಳಿಯೆಂಬ ನನ್ನ ಉಪಮಾನ ಅಷ್ಟೇನೂ ವಿಲಕ್ಷಣವಲ್ಲವೆಂದು ಇದರಿಂದ ಸಮಾಧಾನಪಟ್ಟಿದ್ದೇನೆ.

ಶಿಶುಗಳ ಎದೆಗೆ ತಗುಲುವ ಆರ್‌ಎಸ್‌ವಿ ಎಂಬ ವಿಷಾಣುವಿನ ಕಥೆ ಇನ್ನೂ ಕಹಿಯಾದುದು. ೧೯೬೬ ಮತ್ತು ೧೯೬೭ರಲ್ಲಿ ಅಮೆರಿಕದಲ್ಲಿ ಇದರ ಲಸಿಕೆಯೊಂದನ್ನು ಶಿಶುಗಳಿಗೇ ಹಾಕಿ ನೋಡಿದಾಗ, ಮುಂದೆ ನಿಜವಾದ ರೋಗ ತಗುಲಿದಾಗ ಲಸಿಕೆ ಪಡೆದವರಿಗೇ ಅದು ಉಲ್ಬಣಿಸಿ ಇಬ್ಬರು ಶಿಶುಗಳು ತೀರಿಹೋದರು. ಶಿಶುವಿಗೆ ಅಂಥ ಲಸಿಕೆ ಹಾಕಲು ದಶಕಗಳ ಕಾಲ ಯಾರೂ ಧೈರ್ಯಮಾಡಲಿಲ್ಲ. ಕೊನೆಗೆ ದಾರಿ ತೆರೆದುದು ತಾಯಿಯ ಮೂಲಕವೇ. ಗರ್ಭಿಣಿಗೆ ಹಾಕುವ ಲಸಿಕೆಗೆ ೨೦೨೩ರಲ್ಲಿ ಅಲ್ಲಿ ಅನುಮತಿ ದೊರೆಯಿತು. ಮೊದಲ ಮೂರು ತಿಂಗಳಲ್ಲಿ ತೀವ್ರವಾದ ರೋಗವನ್ನು ಅದು ನೂರಕ್ಕೆ ಸುಮಾರು ೮೨ರಷ್ಟು ತಡೆಯಿತೆಂದು ಪರೀಕ್ಷೆಯಲ್ಲಿ ಕಂಡುಬಂದಿತ್ತು.

ಇಲ್ಲಿಯವರೆಗೆ ಬಳುವಳಿಯ ಗುಣವನ್ನು ಮಾತ್ರ ಹೇಳಿದೆ. ಅದಕ್ಕೊಂದು ದೋಷವೂ ಉಂಟು; ದಡಾರದಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ದಡಾರದ ಲಸಿಕೆ ಜೀವವಿರುವ, ಆದರೆ ಬಲಗುಂದಿ ಪಳಗಿದ ವಿಷಾಣುವಿನದು. ಅದು ಶಿಶುವಿನ ಒಡಲಲ್ಲಿ ಸ್ವಲ್ಪಮಟ್ಟಿಗೆ ಬೆಳೆದಲ್ಲದೆ ಸ್ವಾರ್ಜಿತ ರಕ್ಷೆ ಹುಟ್ಟದು. ತಾಯಿಯ ಪ್ರತಿಕಾಯಗಳಿಗೆ ಕಾಡು ವಿಷಾಣು ಯಾವುದು, ಪಳಗಿದುದು ಯಾವುದು ಎಂಬ ಭೇದವಿಲ್ಲ, ಎರಡನ್ನೂ ಅಡಗಿಸಿಬಿಡುತ್ತವೆ. ಮನೆಯ ಹಿರಿಯಳು ಎಲ್ಲ ಕೆಲಸವನ್ನೂ ತಾನೇ ಮಾಡಿದರೆ ಕಿರಿಯರು ಏನನ್ನೂ ಕಲಿಯುವುದಿಲ್ಲವಷ್ಟೆ. ಆದುದರಿಂದಲೇ ನಮ್ಮ ದೇಶದಲ್ಲಿ ಈ ಲಸಿಕೆಯನ್ನು ಒಂಬತ್ತು ತಿಂಗಳು ತುಂಬುವವರೆಗೆ ತಡೆದು ಹಾಕುತ್ತಾರೆ. ತಾಯಿಯ ರಕ್ಷೆ ತೀರಿದುದಕ್ಕೂ ಲಸಿಕೆಯ ರಕ್ಷೆ ಮೊದಲಾಗುವುದಕ್ಕೂ ನಡುವೆ ಕೆಲವು ತಿಂಗಳು ಮಗು ಬಯಲಲ್ಲಿ ನಿಂತಿರುತ್ತದೆ. ಈ ಬಯಲನ್ನು ಕಿರಿದುಮಾಡಲೆಂದು, ತಾಯಿಯ ಪ್ರತಿಕಾಯಗಳನ್ನು ಮೀರುವಷ್ಟು ಪ್ರಬಲವಾದ ಲಸಿಕೆಯನ್ನು ಆರು ತಿಂಗಳಿಗೇ ಹಾಕಬಹುದೆಂದು ೧೯೮೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿತು. ಅದನ್ನು ಪಡೆದ ಹೆಣ್ಣುಮಕ್ಕಳಲ್ಲಿ, ದಡಾರದಿಂದಲ್ಲದೆ ಬೇರೆ ಬೇರೆ ಕಾರಣಗಳಿಂದ, ಸಾವು ಹೆಚ್ಚೆಂದು ಸೆನೆಗಾಲ್ ಮೊದಲಾದ ದೇಶಗಳಲ್ಲಿ ಕಂಡುಬಂದುದರಿಂದ ೧೯೯೨ರಲ್ಲಿ ಆ ಸೂಚನೆಯನ್ನು ಹಿಂತೆಗೆದುಕೊಳ್ಳಬೇಕಾಯಿತು.

ಇದಕ್ಕೆ ಹೊಸದೊಂದು ತೊಡಕು ಸೇರಿದೆ. ನಮ್ಮ ಅಜ್ಜಿಯರಿಗೆ ದಡಾರ ಬಂದು ಹೋಗಿತ್ತು. ಅವರ ರಕ್ತದಲ್ಲಿ ಪ್ರತಿಕಾಯಗಳು ಹೇರಳವಾಗಿದ್ದುವು. ಈಗಿನ ತಾಯಂದಿರಲ್ಲಿ ಅನೇಕರು ಬಾಲ್ಯದಲ್ಲಿ ಲಸಿಕೆ ಪಡೆದವರು. ಅವರಿಗೆ ತಮ್ಮ ಮಟ್ಟಿಗೆ ರಕ್ಷೆ ಸಾಕಷ್ಟಿದ್ದರೂ ಹಂಚಲು ಉಳಿಯುವುದು ಸ್ವಲ್ಪ. ಬೆಲ್ಜಿಯಮ್ಮಿನಲ್ಲಿ ನಡೆಸಿ ೨೦೧೦ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆಯಲ್ಲಿ, ದಡಾರವನ್ನು ಅನುಭವಿಸಿದ ತಾಯಂದಿರ ಶಿಶುಗಳಲ್ಲಿ ರಕ್ಷೆ ಸರಾಸರಿಯಾಗಿ ನಾಲ್ಕು ತಿಂಗಳ ಸಮೀಪದವರೆಗೂ, ಲಸಿಕೆ ಪಡೆದ ತಾಯಂದಿರ ಶಿಶುಗಳಲ್ಲಿ ಒಂದು ತಿಂಗಳವರೆಗೆ ಮಾತ್ರವೂ ಉಳಿದಿತ್ತು. ಹಿಂದೆ ಹೇಳಿದ ಅರ್ಧಾರ್ಧದ ಲೆಕ್ಕವನ್ನು ಇಲ್ಲಿಗೆ ಹಚ್ಚಿದರೆ, ಮೊದಲನೆಯವರು ಎರಡನೆಯವರಿಗಿಂತ ಏಳೆಂಟು ಪಾಲು ಹೆಚ್ಚು ಕೊಟ್ಟಿರಬೇಕೆಂದಾಗುತ್ತದೆ. ಇದರಿಂದ ಲಸಿಕೆ ಕೆಟ್ಟುದೆಂದು ವಾದಿಸುವವರುಂಟು. ಆ ವಾದ ಅರ್ಧದಲ್ಲಿಯೇ ನಿಂತುದು. ಅಜ್ಜಿಯರ ಆ ಹೇರಳವಾದ ಬಳುವಳಿಗೆ ತೆತ್ತ ಬೆಲೆ, ದಡಾರದಲ್ಲಿ ಸತ್ತು ತಾಯಂದಿರಾಗದೆ ಹೋದ ಹುಡುಗಿಯರು. ಗರ್ಭಿಣಿಗೆ ಆಗ ದಡಾರದ ಲಸಿಕೆ ಹಾಕಿ ಪ್ರತಿಕಾಯಗಳನ್ನು ಹೆಚ್ಚಿಸೋಣವೆಂದರೆ ಅದೂ ಸಾಧ್ಯವಿಲ್ಲ; ಜೀವವಿರುವ ಲಸಿಕೆಗಳನ್ನು ಗರ್ಭಿಣಿಯರಿಗೆ ಹಾಕಬಾರದೆಂಬುದು ನಿಯಮ.

ನಾಯಿಕೆಮ್ಮಿನಲ್ಲಿಯೂ ಈ ಅಡ್ಡಿ ಸ್ವಲ್ಪಮಟ್ಟಿಗೆ ಉಂಟು. ಗರ್ಭದಲ್ಲಿದ್ದಾಗ ತಾಯಿಗೆ ಲಸಿಕೆಯಾಗಿದ್ದರೆ, ಮುಂದೆ ಶಿಶುವಿಗೇ ಹಾಕಿದ ಲಸಿಕೆಗೆ ಅದು ಎಬ್ಬಿಸುವ ಪ್ರತಿಕಾಯಗಳು ತುಸು ಕಡಿಮೆ. ಮೊದಲ ಮೂರು ತಿಂಗಳ ಸಾವನ್ನು ತಪ್ಪಿಸಿದುದರ ಎದುರಿಗೆ ಈ ಕೊರತೆಯನ್ನು ತೂಗಿದರೆ ತಕ್ಕಡಿ ಯಾವ ಕಡೆಗೆ ಬಾಗುವುದೆಂಬುದರಲ್ಲಿ ನನಗೆ ಸಂಶಯವಿಲ್ಲ.

ತಾಯಿಯ ಲಸಿಕೆ ಮಗುವನ್ನು ಕಾಯುವ ಇನ್ನೊಂದು ಬಗೆಯುಂಟು. ಅಲ್ಲಿ ಬಳುವಳಿಯ ಪ್ರಶ್ನೆಯೇ ಇಲ್ಲ. ರುಬೆಲ್ಲ ಎಂಬ ದಡಾರದಂಥ ಸೌಮ್ಯವಾದ ಜ್ವರ ಗರ್ಭದ ಮೊದಲ ತಿಂಗಳುಗಳಲ್ಲಿ ಬಂದರೆ ಹುಟ್ಟುವ ಶಿಶುವಿಗೆ ಕಣ್ಣಿನ ಪೊರೆ, ಕಿವುಡು, ಹೃದಯದ ದೋಷಗಳು ಉಂಟಾಗಬಹುದು. ಪೊರೆಗಣ್ಣಿನ ಶಿಶುಗಳ ತಾಯಂದಿರನ್ನು ವಿಚಾರಿಸುತ್ತ ಈ ಸಂಬಂಧವನ್ನು ೧೯೪೧ರಲ್ಲಿ ಕಂಡುಹಿಡಿದವರು ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್. ಇಲ್ಲಿ ಲಸಿಕೆ ಹಾಕಬೇಕಾದುದು ಗರ್ಭಕ್ಕೆ ಮುಂಚೆ, ಹುಡುಗಿಯಾಗಿದ್ದಾಗಲೇ. ೨೦೧೭ರ ಫೆಬ್ರವರಿಯಲ್ಲಿ ದಡಾರ ರುಬೆಲ್ಲಗಳೆರಡರ ಲಸಿಕೆಯನ್ನು ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಹಾಕುವ ಕಾರ್ಯವು ಭಾರತದಲ್ಲಿ ಮೊದಲಾದ ಪ್ರಾಂತಗಳಲ್ಲಿ ಕರ್ನಾಟಕವೂ ಒಂದು. ಅಂದು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಂತು ತೋಳು ಚಾಚಿದ ಹುಡುಗಿಯರಲ್ಲಿ ಹಿರಿಯರಾದವರು ಈಗ ತಾಯಂದಿರಾಗುವ ಪ್ರಾಯದವರು.

ಪ್ರತಿಕಾಯಗಳನ್ನು ದಾಟಿಸುವುದಷ್ಟೇ ಅಲ್ಲದೆ, ತಾಯಿಯ ಲಸಿಕೆ ಶಿಶುವಿನ ರಕ್ಷಣಾವ್ಯವಸ್ಥೆಯ ಸ್ವಭಾವವನ್ನೇ ತಿದ್ದೀತೇ ಎಂಬ ಪ್ರಶ್ನೆಯೂ ಎದ್ದಿದೆ. ಪಶ್ಚಿಮ ಆಫ್ರಿಕದ ಗಿನಿ ಬಿಸ್ಸಾವ್ ದೇಶದಲ್ಲಿ, ಕ್ಷಯದ ಬಿಸಿಜಿ ಲಸಿಕೆಯ ಕಲೆಯುಳ್ಳ ತಾಯಂದಿರ ಮಕ್ಕಳಿಗೆ ಅದೇ ಲಸಿಕೆ ಹಾಕಿದಾಗ ಅವರಲ್ಲಿ ಸಾವು ಕಡಿಮೆಯೆಂದು ಕೆಲವು ವಿದ್ವಾಂಸರು ಗಮನಿಸಿದ್ದಾರೆ. ಕಲೆಯುಳ್ಳ ತಾಯಂದಿರು ಬೇರೆ ರೀತಿಯಲ್ಲಿಯೂ ಅನುಕೂಲಸ್ಥರಾಗಿದ್ದಿರಬಹುದು. ಇದನ್ನು ಸಿದ್ಧಾಂತವೆಂದು ಪಾಠ ಹೇಳುವ ಕಾಲ ಇನ್ನೂ ಬಂದಿಲ್ಲ.

ಎಹ್ರ್ಲಿಖ್ ಕಂಡಂತೆ ಈ ರಕ್ಷೆ ಮೊಮ್ಮಕ್ಕಳಿಗೆ ಇಳಿಯುವುದಿಲ್ಲ. ಒಂದು ಬಸಿರಿನಲ್ಲಿ ಕೊಟ್ಟುದು ಮುಂದಿನ ಬಸಿರಿಗೂ ಸಾಕಾದೀತೆಂಬ ಭರವಸೆಯಿಲ್ಲ. ಆದುದರಿಂದಲೇ ನಮ್ಮಲ್ಲಿ ಗರ್ಭಿಣಿಗೆ ಧನುರ್ವಾಯುವಿನ ಲಸಿಕೆಯನ್ನು ನಾಲ್ಕು ವಾರಗಳ ಅಂತರದಲ್ಲಿ ಎರಡು ಸಲ ಹಾಕಿ, ಮೂರು ವರ್ಷದೊಳಗೆ ಮತ್ತೆ ಬಸಿರಾದರೆ ಇನ್ನೊಂದು ಸಲ ಹಾಕುತ್ತಾರೆ. ಈಗ ಅದರಲ್ಲಿ ಗಂಟಲುಮಾರಿಯ ಲಸಿಕೆಯೂ ಕೂಡಿದೆ. ಹಾಕಿದ ಎರಡು ವಾರಗಳೊಳಗೆ ಹೆರಿಗೆಯಾದರೆ ಪ್ರತಿಕಾಯಗಳು ಹುಟ್ಟಿ ಮಾಸನ್ನು ದಾಟಲು ಹೊತ್ತು ಸಾಲದು. ಗರ್ಭಿಣಿ ಬಂದು ಹೆಸರು ಬರೆಸಿದ ದಿನವೇ ಮೊದಲ ಸೂಜಿಮದ್ದನ್ನು ಕೊಟ್ಟುಬಿಡಬೇಕೆಂದು ದಾದಿಯರು ಅವಸರಪಡಿಸುವುದು ಇದಕ್ಕಾಗಿ.